ತಣ್ಣಗಿನ ಎಂಜಿನ್, ಆವಿಯಾಗದ ಪೆಟ್ರೋಲು

ಹಳೆಯ ಕಾರನ್ನು ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡುವುದು ಹೇಗೆ ಎಂದು ಮೂವರನ್ನು ಕೇಳಿದರೆ ಮೂರು ಉತ್ತರ ಬರುತ್ತವೆ. ಅಂಬಾಸಿಡರ್ ಇಟ್ಟುಕೊಂಡಿದ್ದವರು ಚೋಕ್ ಪೂರ್ತಿ ಎಳೆದು ಸೆಲ್ಫ್ ಹೊಡೆಯಿರಿ, ಆಕ್ಸಿಲರೇಟರ್ ತುಳಿಯುವುದು ದಂಡ ಎನ್ನುತ್ತಾರೆ. ಸೋಲೆಕ್ಸ್ ಕಾರ್ಬ್ಯುರೇಟರ್ ಇದ್ದ ಗಾಡಿ ಓಡಿಸಿದವರು ಅದಕ್ಕಿಂತ ಕಟ್ಟುನಿಟ್ಟು: ಸೆಲ್ಫ್ ಹೊಡೆಯುವಾಗ ಕಾಲು ಪೆಡಲಿನ ಹತ್ತಿರವೂ ಹೋಗಬಾರದು. ಮೂರನೆಯವರು, ಬಹುಶಃ ಹಳೆಯ ಮಾರುತಿಯವರು, ಮೊದಲು ಪೆಡಲನ್ನು ಒಂದೆರಡು ಸಲ ಪೂರ್ತಿ ತುಳಿದು ಬಿಡಿ, ಆಮೇಲೆ ಚೋಕ್ ಎಳೆದು ಕೀ ತಿರುಗಿಸಿ ಎಂದು ಹೇಳಿಕೊಡುತ್ತಾರೆ. ಮೂವರೂ ತಮ್ಮ ತಮ್ಮ ಅನುಭವದ ಮೇಲೆ ಆಣೆ ಇಡಬಲ್ಲರು. ಮೂವರೂ ಸರಿಯೇ. ಒಬ್ಬರ ಬುದ್ಧಿಮಾತನ್ನು ಇನ್ನೊಬ್ಬರ ಕಾರಿನಲ್ಲಿ ಪಾಲಿಸಿದಾಗಲೇ ತೊಂದರೆ ಶುರುವಾಗುವುದು.

ಈ ವಿಷಯದಲ್ಲಿ ಚಾಲಕರ ಬಾಯಲ್ಲಿ, ಗ್ಯಾರೇಜುಗಳಲ್ಲಿ, ಕಾರಿನ ಜೊತೆ ಬರುತ್ತಿದ್ದ ಕೈಪಿಡಿಗಳಲ್ಲಿ ಸಿಗುವ ಮಾತುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಎಲ್ಲ ಕಾರಿಗೂ ಹೊಂದುವ ಒಂದೇ ವಿಧಾನ ಇಲ್ಲ. ಎಲ್ಲ ಕಾರಿಗೂ ಹೊಂದುವ ಕಾರಣ ಮಾತ್ರ ಒಂದೇ. ಆ ಕಾರಣವನ್ನು ಹಿಡಿದವರಿಗೆ ತಮ್ಮ ಕಾರಿನ ವಿಧಾನ ತಾನಾಗಿ ಹೊಳೆಯುತ್ತದೆ. ಹಿಡಿಯದವರು ಬ್ಯಾಟರಿ ಖಾಲಿಯಾಗುವವರೆಗೂ ಸೆಲ್ಫ್ ಹೊಡೆಯುತ್ತಾರೆ.

ಕಾರಣ ಇಷ್ಟು: ಎಂಜಿನ್ ಉರಿಸುವುದು ಪೆಟ್ರೋಲನ್ನಲ್ಲ, ಪೆಟ್ರೋಲಿನ ಆವಿಯನ್ನು. ದ್ರವವಾಗಿರುವ ಪೆಟ್ರೋಲಿನ ಹನಿಗೆ ಪ್ಲಗ್ಗಿನ ಕಿಡಿ ಏನೂ ಮಾಡಲಾರದು. ಗಾಳಿಯಲ್ಲಿ ಪೆಟ್ರೋಲಿನ ಆವಿ ಗಾತ್ರದ ಲೆಕ್ಕದಲ್ಲಿ ಸುಮಾರು 1.4 ಪ್ರತಿಶತದಿಂದ 7.6 ಪ್ರತಿಶತದ ಒಳಗೆ ಇದ್ದರೆ ಮಾತ್ರ ಅದಕ್ಕೆ ಬೆಂಕಿ ಹತ್ತುತ್ತದೆ. ಅದಕ್ಕಿಂತ ಕಡಿಮೆಯಾದರೂ ಇಲ್ಲ, ಹೆಚ್ಚಾದರೂ ಇಲ್ಲ. ಕಾದ ಎಂಜಿನ್ನಿನಲ್ಲಿ ಈ ಲೆಕ್ಕ ಸುಲಭ. ತೂಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಕೊಟ್ಟರೆ ಅಷ್ಟೂ ಆವಿಯಾಗಿ ಅಷ್ಟೂ ಉರಿಯುತ್ತದೆ. ತಣ್ಣಗಿರುವಾಗ ಅದೇ ಪ್ರಮಾಣ ಕೊಟ್ಟರೆ ಹೆಚ್ಚಿನ ಭಾಗ ಇನ್‌ಟೇಕ್ ಮ್ಯಾನಿಫೋಲ್ಡಿನ ಗೋಡೆಗೆ ಹನಿಹನಿಯಾಗಿ ಅಂಟಿಕೊಂಡು ಕೂರುತ್ತದೆ, ಸಿಲಿಂಡರಿಗೆ ತಲುಪುವುದು ಬರಿಯ ತೆಳು ಗಾಳಿ. ಪೆಟ್ರೋಲು ಒಂದೇ ವಸ್ತುವಲ್ಲ, ಹಲವು ಹೈಡ್ರೊಕಾರ್ಬನ್ನುಗಳ ಬೆರಕೆ. ಮೂವತ್ತು ಚಿಲ್ಲರೆ ಡಿಗ್ರಿಗೇ ಕುದಿಯುವ ಹಗುರ ಅಂಶಗಳಿಂದ ಇನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವ ಭಾರದ ಅಂಶಗಳವರೆಗೆ ಅದರಲ್ಲಿವೆ. ಚಳಿಯಲ್ಲಿ ಹಗುರವಾದವು ಮಾತ್ರ ಆವಿಯಾಗಿ ಮೇಲೇಳುತ್ತವೆ. ಮಿಕ್ಕದ್ದು ಮಳೆಗಾಲದಲ್ಲಿ ಒಣಹಾಕಿದ ಬಟ್ಟೆಯಂತೆ ಒದ್ದೆಯಾಗಿಯೇ ಉಳಿಯುತ್ತದೆ. ಆ ಸ್ವಲ್ಪ ಹಗುರ ಅಂಶದಿಂದಲೇ ಬೇಕಾದಷ್ಟು ಆವಿ ಸಿಗಬೇಕೆಂದರೆ ಒಟ್ಟು ಪೆಟ್ರೋಲನ್ನು ಹಲವು ಪಟ್ಟು ಹೆಚ್ಚಿಸಿ ಸುರಿಯುವುದೊಂದೇ ದಾರಿ. ತೀರ ಚಳಿಯಿದ್ದರೆ ಗಾಳಿ ಮತ್ತು ಪೆಟ್ರೋಲು ತೂಕದಲ್ಲಿ ಹೆಚ್ಚುಕಡಿಮೆ ಸಮಸಮ ಆಗುವವರೆಗೂ ಹೋಗಬೇಕಾಗುತ್ತದೆ.

ಚಳಿ ಎಂದರೆ ಹಿಮ ಬೀಳಲೇಬೇಕು ಎಂದಿಲ್ಲ. ಬೆಂಗಳೂರಿನ ಜನವರಿ ಮುಂಜಾವು ಸಾಮಾನ್ಯವಾಗಿ 15 ಡಿಗ್ರಿಯ ಆಚೀಚೆ ಇರುತ್ತದೆ. ಈ ಊರಿನ ದಾಖಲೆಯ ಚಳಿ 1884ರ ಜನವರಿಯಲ್ಲಿ ಬಿದ್ದ 7.8 ಡಿಗ್ರಿ. ಮಡಿಕೇರಿ, ಚಿಕ್ಕಮಗಳೂರು, ಬೀದರಿನ ಕಡೆ ಚಳಿಗಾಲದ ಬೆಳಗುಗಳು ಸಾಮಾನ್ಯವಾಗಿ ಬೆಂಗಳೂರಿಗಿಂತ ತಣ್ಣಗೆ. ನಮಗೆ ಒಂದು ಸ್ವೆಟರ್ ಸಾಕಾಗುವ ಈ ಚಳಿ, 85–90 ಡಿಗ್ರಿಯಲ್ಲಿ ಕೆಲಸ ಮಾಡಲೆಂದು ತಯಾರಾದ ಎಂಜಿನ್ನಿಗೆ ದೊಡ್ಡ ಚಳಿಯೇ. ಬೇಸಿಗೆಯ ಬೆಳಿಗ್ಗೆಯೂ ಕಾರ್ಬ್ಯುರೇಟರ್ ಕಾರಿಗೆ ಒಂದಿಷ್ಟು ಚೋಕ್ ಬೇಕಾಗುವುದು ಇದರಿಂದಲೇ. ಇನ್ನೊಂದು ಸೂಕ್ಷ್ಮವೂ ಇದೆ. ಪೆಟ್ರೋಲು ಎಷ್ಟು ಬೇಗ ಆವಿಯಾಗುತ್ತದೆ ಎಂಬುದನ್ನು ಸಂಸ್ಕರಣಾಗಾರಗಳೇ ನಿಗದಿ ಮಾಡುತ್ತವೆ. ಹಿಮದ ದೇಶಗಳಲ್ಲಿ ಚಳಿಗಾಲದ ಪೆಟ್ರೋಲಿನ ಆವಿಯ ಒತ್ತಡ 90 ಕಿಲೊಪಾಸ್ಕಲಿನ ಆಚೆಗೂ ಹೋಗುತ್ತದೆ. ಭಾರತ್ ಸ್ಟೇಜ್ ಮಾನದಂಡದ ನಮ್ಮ ಪೆಟ್ರೋಲಿಗೆ ಮಿತಿ 60. ನಮ್ಮ ಬಿಸಿಲಿಗೆ ಅದು ಸರಿಯಾದದ್ದೇ, ಇಲ್ಲದಿದ್ದರೆ ಮಧ್ಯಾಹ್ನ ಪೈಪಿನಲ್ಲೇ ಆವಿ ಕಟ್ಟಿಕೊಂಡು ಕಾರು ನಿಂತುಬಿಡುತ್ತದೆ. ಆದರೆ ಬೆಳಗಿನ ಹೊತ್ತು ಅದೇ ಪೆಟ್ರೋಲು ಸ್ವಲ್ಪ ಸೋಮಾರಿ.

ಕಷ್ಟದ ಇನ್ನೊಂದು ಅರ್ಧ ಕಾರ್ಬ್ಯುರೇಟರಿನ ಒಳಗೇ ಇದೆ. ಕಾರ್ಬ್ಯುರೇಟರ್ ಕೆಲಸ ಮಾಡುವುದು ಗಾಳಿಯ ವೇಗದಿಂದ. ನಡು ಸಣ್ಣದಾದ ಕೊಳವೆಯಲ್ಲಿ ಗಾಳಿ ರಭಸದಿಂದ ಹೋಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ, ಆ ಸೆಳೆತಕ್ಕೆ ಜೆಟ್ಟು ಎಂಬ ಸಣ್ಣ ತೂತಿನಿಂದ ಪೆಟ್ರೋಲು ಚಿಮ್ಮುತ್ತದೆ. ಓಡುತ್ತಿರುವ ಎಂಜಿನ್ ಸುಮ್ಮನೆ ನಿಂತಾಗಲೂ ನಿಮಿಷಕ್ಕೆ ಏಳೆಂಟು ನೂರು ಸುತ್ತು ತಿರುಗುತ್ತದೆ. ಸೆಲ್ಫ್ ಮೋಟಾರು ತಣ್ಣಗಿನ ಎಂಜಿನ್ನನ್ನು ನೂರರ ಆಸುಪಾಸಿನಲ್ಲಿ ತಿರುಗಿಸಿದರೆ ಹೆಚ್ಚು. ಅಷ್ಟು ನಿಧಾನದಲ್ಲಿ ಗಾಳಿಗೆ ರಭಸವಿಲ್ಲ, ಜೆಟ್ಟಿಗೆ ಸೆಳೆತವಿಲ್ಲ. ಅಂದರೆ ಅತಿ ಹೆಚ್ಚು ಪೆಟ್ರೋಲು ಬೇಕಾದ ಗಳಿಗೆಯಲ್ಲೇ ಕಾರ್ಬ್ಯುರೇಟರಿಗೆ ಪೆಟ್ರೋಲು ಎತ್ತಿ ಕೊಡುವ ಶಕ್ತಿ ಅತಿ ಕಡಿಮೆ. ಚೋಕ್ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ಮೊಟ್ಟಮೊದಲ ಕಾರುಗಳಿಗೆ ಈ ರೂಪದ ಸಮಸ್ಯೆ ಇರಲಿಲ್ಲ. 1886ರ ಕಾರ್ಲ್ ಬೆಂಜ್ ಅವರ ಗಾಡಿಯಲ್ಲಿ ಗಾಳಿ ಇಂಧನದ ಮೇಲ್ಮೈಯನ್ನು ಸವರಿ ಆವಿ ಹೊತ್ತೊಯ್ಯುತ್ತಿತ್ತು. ಇಂಧನವೂ ಬಲು ಹಗುರವಾದದ್ದು. 1888ರಲ್ಲಿ ಬರ್ತಾ ಬೆಂಜ್ ಆ ಗಾಡಿಯಲ್ಲಿ ದೂರದ ಪಯಣ ಹೊರಟಾಗ ವೀಸ್ಲೊಖ್ ಊರಿನ ಔಷಧಿ ಅಂಗಡಿಯಲ್ಲಿ ಅದನ್ನು ಕೊಂಡುಕೊಂಡದ್ದು ಎಲ್ಲರಿಗೂ ಗೊತ್ತಿರುವ ಕಥೆ. 1893ರಲ್ಲಿ ಹಂಗೇರಿಯ ಬಾಂಕಿ ಮತ್ತು ಚೋಂಕಾ, ಅದೇ ವರ್ಷ ಜರ್ಮನಿಯ ಮೇಬಾಖ್, ಪೆಟ್ರೋಲನ್ನು ಜೆಟ್ಟಿನಿಂದ ಚಿಮ್ಮಿಸುವ ಕಾರ್ಬ್ಯುರೇಟರ್ ತಂದರು. ಭಾರದ ಇಂಧನವೂ ನಡೆಯುವಂತಾಯಿತು, ಜೊತೆಗೇ ತಣ್ಣನೆಯ ಸ್ಟಾರ್ಟಿನ ತಾಪತ್ರಯವೂ ಬಂತು. ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ರೇಡಿಯೇಟರಿನ ಮುಂದೆ ಒಂದು ತಂತಿಯ ಬಳೆ ಇಣುಕುತ್ತಿತ್ತು. ಎಂಜಿನ್ ತಿರುಗಿಸುವ ಹ್ಯಾಂಡಲನ್ನು ಬಲಗೈಯಲ್ಲಿ ಹಿಡಿಯಬೇಕಿದ್ದವರು ಎಡಗೈಯಲ್ಲಿ ಆ ಬಳೆ ಎಳೆದು ಚೋಕ್ ಕೊಡಲಿ ಎಂಬ ಏರ್ಪಾಟು ಅದು. ಆ ಕಾರಿನ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುತ್ತಿತ್ತು, ಚಳಿಗೆ ಎಣ್ಣೆ ಗಟ್ಟಿಯಾಗಿ ಕ್ಲಚ್ ಬಿಡುತ್ತಲೇ ಇರಲಿಲ್ಲ. ಹಾಗಾಗಿ ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿ ಸ್ಟಾರ್ಟ್ ಮಾಡುವುದು ಅಮೆರಿಕದ ಚಳಿ ಪ್ರಾಂತ್ಯಗಳಲ್ಲಿ ಮಾಮೂಲಾಗಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಳ್ಳಬೇಕು ಎಂಬ ಪಾಠ ಅಲ್ಲಿಂದ ಹೊರಟು ನಮ್ಮ ಅಂಬಾಸಿಡರಿನ ಹ್ಯಾಂಡಲಿನವರೆಗೂ ಬಂತು. ಚಾರ್ಲ್ಸ್ ಕೆಟ್ಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಮಾಡೆಲ್ಲಿನ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಮೈಯ ಶ್ರಮ ತಪ್ಪಿತು. ಪೆಟ್ರೋಲು ಆವಿಯಾಗದ ಪ್ರಶ್ನೆ ಹಾಗೆಯೇ ಉಳಿಯಿತು.

ಅದಕ್ಕೆ ಸಿಕ್ಕ ಉತ್ತರಗಳಲ್ಲಿ ಸರಳವಾದದ್ದು, ಹೆಚ್ಚು ಜನ ಚೋಕ್ ಎಂದಾಗ ನೆನೆಸಿಕೊಳ್ಳುವುದು, ಕಾರ್ಬ್ಯುರೇಟರಿನ ಬಾಯಿಗಿರುವ ತೆಳು ತಗಡಿನ ಮುಚ್ಚಳ. ಗುಂಡಿ ಎಳೆದರೆ ಕೇಬಲ್ ಅದನ್ನು ಮುಚ್ಚುತ್ತದೆ. ಗಾಳಿಯ ದಾರಿ ಕಟ್ಟಿದ ಕೂಡಲೆ ಪಿಸ್ಟನ್ನುಗಳ ಸೆಳೆತವೆಲ್ಲ ಜೆಟ್ಟುಗಳ ಮೇಲೆ ಬಿದ್ದು ಪೆಟ್ರೋಲು ಧಾರೆಯಾಗಿ ಬರುತ್ತದೆ. ಇದನ್ನು ಕಣ್ಣಾರೆ ಕಾಣಲು ಗ್ಯಾರೇಜಿಗೆ ಹೋಗಬೇಕು. ಚೋಕ್ ಕೇಬಲ್ ತುಂಡಾದ ಕಾರು ಬಂದಾಗ ಮೆಕ್ಯಾನಿಕ್ ಏರ್ ಫಿಲ್ಟರ್ ಬಿಚ್ಚಿ, ಕಾರ್ಬ್ಯುರೇಟರಿನ ಬಾಯಿಗೆ ಅಂಗೈಯನ್ನು ಒತ್ತಿ ಹಿಡಿದು, ಒಳಗೆ ಕೂತವರಿಗೆ ಸೆಲ್ಫ್ ಹೊಡಿಯಿರಿ ಎನ್ನುತ್ತಾರೆ. ಅಂಗೈಯನ್ನು ಒಳಕ್ಕೆ ಎಳೆದುಕೊಳ್ಳುವ ಸೆಳೆತ ಕೈಗೇ ತಿಳಿಯುತ್ತದೆ. ಎರಡು ಮೂರು ಸುತ್ತಿನಲ್ಲಿ ಕೈ ತೆಗೆದರೆ ಅಂಗೈ ನಡುವೆ ಪೆಟ್ರೋಲಿನ ತೇವ, ಜೊತೆಗೆ ತಣ್ಣನೆಯ ಚುರುಕು. ಅಂಗೈ ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಇನ್ನು ಹುಡುಕಬೇಕಾದದ್ದು ಕಿಡಿಯ ಕಡೆ. ಒಣಗಿದ್ದರೆ ಪಂಪು, ಫಿಲ್ಟರು, ಜೆಟ್ಟುಗಳ ಕಡೆ. ಯಾವ ಯಂತ್ರವನ್ನೂ ತಗುಲಿಸದೆ ಅರ್ಧ ನಿಮಿಷದಲ್ಲಿ ರೋಗದ ದಿಕ್ಕು ಹೇಳುವ ಈ ಪರೀಕ್ಷೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಡಬ್ಬಿಯ ಮುಚ್ಚಳದಲ್ಲಿ ಪೆಟ್ರೋಲು ತಂದು ಕಾರ್ಬ್ಯುರೇಟರಿಗೆ ಸುರಿದು ಸೆಲ್ಫ್ ಹೊಡೆಸುವ ರೂಢಿಯೂ ಇದೆ. ಅದನ್ನು ಯಾರೂ ಮಾಡಬಾರದು. ಎಂಜಿನ್ ಒಮ್ಮೆ ಹಿಮ್ಮುಖವಾಗಿ ಸಿಡಿದರೆ ಜ್ವಾಲೆ ಅದೇ ಬಾಯಿಂದ ಹೊರಗೆ ಬರುತ್ತದೆ, ಮುಖ ಅಲ್ಲೇ ಇರುತ್ತದೆ.

ಅಂಬಾಸಿಡರಿನಲ್ಲಿ ಬಹುಕಾಲ ಇದ್ದದ್ದು ಎಸ್‌ಯು ಕಾರ್ಬ್ಯುರೇಟರ್. ಇಂಗ್ಲೆಂಡಿನ ಸ್ಕಿನ್ನರ್ ಸೋದರರ ಈ ವಿನ್ಯಾಸ 1905ರದು. ಅದರಲ್ಲಿ ಬಾಯಿ ಮುಚ್ಚುವ ತಗಡೇ ಇಲ್ಲ. ಗಾಳಿಯ ದಾರಿಯಲ್ಲಿ ಒಂದು ಪಿಸ್ಟನ್ ತೂಗುತ್ತಿರುತ್ತದೆ. ಗಾಳಿ ಹೆಚ್ಚಿದಂತೆ ಏರುತ್ತದೆ, ಕಡಿಮೆಯಾದಂತೆ ಇಳಿಯುತ್ತದೆ. ಅದರ ತಳದಲ್ಲಿ ಕೆಳಕ್ಕೆ ಸಪೂರವಾಗುತ್ತ ಹೋಗುವ ಸೂಜಿ, ಸೂಜಿಯ ಸುತ್ತ ಜೆಟ್ಟು. ಸೆಲ್ಫ್ ಹೊಡೆಯುವಾಗ ಪಿಸ್ಟನ್ ತಳದಲ್ಲೇ ಇದ್ದು ಗಾಳಿಗೆ ಕಿರಿದಾದ ಸಂದು ಮಾತ್ರ ಬಿಡುವುದರಿಂದ ಅಲ್ಲಿ ಒಂದಿಷ್ಟು ಸೆಳೆತ ಮೊದಲೇ ಇರುತ್ತದೆ. ಚೋಕ್ ಗುಂಡಿ ಎಳೆದರೆ ಕೇಬಲ್ ಜೆಟ್ಟನ್ನೇ ಕೆಳಗೆ ಎಳೆಯುತ್ತದೆ. ಸೂಜಿಯ ಸಪೂರ ಭಾಗ ಜೆಟ್ಟಿನ ಬಾಯಿಗೆ ಬಂದು ಸುತ್ತಲಿನ ಸಂದು ಅಗಲವಾಗುತ್ತದೆ, ಪೆಟ್ರೋಲು ಹೆಚ್ಚು ಬರುತ್ತದೆ. ಬಾನೆಟ್ ಎತ್ತಿ ಯಾರಾದರೂ ಗುಂಡಿ ಎಳೆಯುವಾಗ ಕಾರ್ಬ್ಯುರೇಟರಿನ ತಳವನ್ನು ನೋಡಿದರೆ ಜೆಟ್ಟು ಇಳಿಯುವುದು ಕಾಣುತ್ತದೆ. ಗುಂಡಿ ಒಳಗೆ ತಳ್ಳಿದಾಗ ಅದು ಪೂರ್ತಿ ಮೇಲೇರಿತೇ ಎಂದೂ ನೋಡಬೇಕು. ಕೊಳೆ ಹಿಡಿದು ಅರ್ಧಕ್ಕೇ ನಿಂತರೆ ದಿನವಿಡೀ ಕಪ್ಪು ಹೊಗೆ, ಪೆಟ್ರೋಲು ಖರ್ಚು. ಮಾಲೀಕರು ದೂರುವುದು ಎಂಜಿನ್ನನ್ನು. ಈ ಜಾತಿಯ ಹಲವು ಮಾದರಿಗಳಲ್ಲಿ ಗುಂಡಿಯ ಮೊದಲ ಚೂರು ಎಳೆತ ಐಡ್ಲಿಂಗನ್ನು ಮಾತ್ರ ಏರಿಸುತ್ತದೆ, ಅದರಾಚೆ ಎಳೆದರಷ್ಟೇ ಜೆಟ್ಟು ಇಳಿಯುತ್ತದೆ. ಎಂಜಿನ್ ಸ್ವಲ್ಪ ಕಾದ ಮೇಲೆ ಗುಂಡಿಯನ್ನು ಆ ಮೊದಲ ಹಂತಕ್ಕೆ ತಂದು ನಿಲ್ಲಿಸುವುದು ಅನುಭವಸ್ಥರ ಪದ್ಧತಿ. ಹಾಗೆಯೇ ಪಿಸ್ಟನ್ನಿನ ಮೇಲಿನ ಗೂಡಿನಲ್ಲಿ ತೆಳುವಾದ ಎಣ್ಣೆ ಇರಬೇಕು. ಅದು ಒಣಗಿದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಆದರೂ ಪೆಡಲ್ ಒತ್ತಿದ ಕೂಡಲೆ ಮುಗ್ಗರಿಸುತ್ತದೆ.

ಎಸ್‌ಯುಗೆ ಪೆಡಲ್ ತುಳಿದಾಗ ಪೆಟ್ರೋಲು ಚಿಮ್ಮಿಸುವ ಆಕ್ಸಿಲರೇಟರ್ ಪಂಪು ಇಲ್ಲ. ಪೆಡಲನ್ನು ಹತ್ತು ಸಲ ತುಳಿದರೂ ಹೆಚ್ಚಿನ ಒಂದು ಹನಿ ಪೆಟ್ರೋಲು ಬೀಳುವುದಿಲ್ಲ. ಅಂಬಾಸಿಡರಿನವರು ತುಳಿಯುವುದು ದಂಡ ಎಂದದ್ದು ಅಕ್ಷರಶಃ ನಿಜ.

ಫ್ರಾನ್ಸಿನ ಸೋಲೆಕ್ಸ್ ಕಂಪನಿಯ ಕಾರ್ಬ್ಯುರೇಟರುಗಳು ಮದ್ರಾಸಿನಲ್ಲೂ ತಯಾರಾಗಿ ನಮ್ಮ ಕಾರು ಜೀಪುಗಳಿಗೆ ಬಂದವು. ಆ ಕಂಪನಿಯ ಅನೇಕ ಮಾದರಿಗಳಲ್ಲಿ ತಗಡೂ ಇಲ್ಲ, ಇಳಿಯುವ ಜೆಟ್ಟೂ ಇಲ್ಲ. ಪಕ್ಕದಲ್ಲಿ ಒಂದು ಪುಟ್ಟ, ಬೇರೆಯದೇ ಆದ ಕಾರ್ಬ್ಯುರೇಟರನ್ನು ಕೂರಿಸಿರುತ್ತಾರೆ: ಅದಕ್ಕೆ ಸ್ವಂತ ಜೆಟ್ಟು, ಸ್ವಂತ ಗಾಳಿ ದಾರಿ, ತೂತುಗಳಿರುವ ಒಂದು ಬಿಲ್ಲೆ. ಗುಂಡಿ ಎಳೆದರೆ ಬಿಲ್ಲೆ ತಿರುಗಿ ತೂತುಗಳು ಒಂದಕ್ಕೊಂದು ಸರಿಹೊಂದುತ್ತವೆ, ಪೆಟ್ರೋಲು ತುಂಬಿದ ಮಿಶ್ರಣ, ಪೆಡಲ್ ಒತ್ತಿದಾಗ ತೆರೆಯುವ ಥ್ರಾಟಲ್ ತಗಡಿನ ಕೆಳಗೆ, ನೇರ ಎಂಜಿನ್ನಿನ ಬದಿಗೆ ಹೋಗುತ್ತದೆ. ಇದು ನಡೆಯಬೇಕಾದರೆ ಥ್ರಾಟಲ್ ಮುಚ್ಚಿರಬೇಕು. ಮುಚ್ಚಿದ ಥ್ರಾಟಲಿನ ಕೆಳಗೆ ಮಾತ್ರ ಜೋರಾದ ಸೆಳೆತ ಇರುತ್ತದೆ. ಪೆಡಲ್ ಒತ್ತಿದರೆ ದೊಡ್ಡ ದಾರಿ ತೆರೆದು ಸೆಳೆತ ಸೋರಿಹೋಗುತ್ತದೆ, ಪುಟ್ಟ ಕಾರ್ಬ್ಯುರೇಟರ್ ಸುಮ್ಮನಾಗುತ್ತದೆ. ಸೋಲೆಕ್ಸಿನವರ ಕಟ್ಟುನಿಟ್ಟಿನ ಹಿಂದಿರುವುದು ಇದು. ಬೇರೆ ಕಾರಿನ ಅಭ್ಯಾಸದಿಂದ ಪೆಡಲ್ ಒತ್ತಿಕೊಂಡೇ ಸೆಲ್ಫ್ ಹೊಡೆದು, ಕಾರು ಕೆಟ್ಟಿದೆ ಎಂದು ತಳ್ಳಿಸುವವರಿಗೆ ಒಂದೇ ಮಾತು ಹೇಳಿದರೆ ಸಾಕು: ಕಾಲು ತೆಗೆಯಿರಿ.

ಇನ್ನು ಅಮೆರಿಕದ ಕಾರುಗಳಲ್ಲಿ, ಆಮೇಲೆ ಯುರೋಪು ಜಪಾನಿನ ಕೆಲವದರಲ್ಲಿ, ಚೋಕನ್ನು ಚಾಲಕರ ಕೈಯಿಂದ ಬಿಡಿಸಿ ಎರಡು ಲೋಹಗಳ ಸುರುಳಿ ಪಟ್ಟಿಗೆ ಒಪ್ಪಿಸಿದರು. ತಣ್ಣಗಾದಾಗ ಸುರುಳಿ ತಗಡನ್ನು ಮುಚ್ಚುವ ಕಡೆಗೆ ಎಳೆಯುತ್ತದೆ. ಸೈಲೆನ್ಸರಿನ ಬಿಸಿ, ಎಂಜಿನ್ನಿನ ನೀರು ಅಥವಾ ವಿದ್ಯುತ್ತಿನಿಂದ ಕಾದಂತೆ ಬಿಡುತ್ತ ಹೋಗುತ್ತದೆ. ಆದರೆ ಥ್ರಾಟಲಿನ ಕೊಂಡಿ ತಗಡಿಗೆ ಅಡ್ಡ ಇರುವುದರಿಂದ, ಸೆಲ್ಫಿಗೆ ಮೊದಲು ಒಂದು ಸಲ ಪೆಡಲನ್ನು ಪೂರ್ತಿ ತುಳಿದು ಬಿಡದಿದ್ದರೆ ಚೋಕ್ ಹಾಕಿಕೊಳ್ಳುವುದೇ ಇಲ್ಲ. ಇಲ್ಲಿ ಕಾಲು ತೆಗೆಯಿರಿ ಎಂಬ ಸಲಹೆ ಪೂರ್ತಿ ತಪ್ಪು. ಸ್ವಯಂಚಾಲಿತ ಚೋಕಿನ ಬಗ್ಗೆ ನನಗೆ ಹೆಚ್ಚು ಒಲವಿಲ್ಲ. ಸುರುಳಿ ಒಮ್ಮೆ ದಣಿದರೆ ಅದನ್ನು ಸರಿಯಾಗಿ ಹೊಂದಿಸುವವರು ಬಲು ಕಡಿಮೆ, ಕೈಗುಂಡಿಯಾದರೆ ತಪ್ಪು ಕೂಡಲೆ ತಿಳಿಯುತ್ತದೆ.

ಹಳೆಯ ಮಾರುತಿ 800ರಲ್ಲಿ ಕೈಯಿಂದ ಎಳೆಯುವ ಚೋಕೂ ಇತ್ತು, ಆಕ್ಸಿಲರೇಟರ್ ಪಂಪೂ ಇತ್ತು. ಪೆಡಲ್ ತುಳಿದಾಗಲೆಲ್ಲ ಪಂಪು ಒಂದು ಸಣ್ಣ ಪಿಚಕಾರಿಯಂತೆ ಪೆಟ್ರೋಲನ್ನು ಒಳಕ್ಕೆ ಚಿಮ್ಮುತ್ತದೆ. ಎಂಜಿನ್ ತಿರುಗುವ ಮೊದಲೇ ಮ್ಯಾನಿಫೋಲ್ಡಿಗೆ ಸ್ವಲ್ಪ ಪೆಟ್ರೋಲು ಸೇರಿದರೆ ಅದು ಆವಿಯಾಗಲು ಒಂದೆರಡು ಕ್ಷಣ ಸಿಗುತ್ತದೆ. ಒಂದೆರಡು ಸಲ ತುಳಿಯುವುದಕ್ಕೆ ಅರ್ಥವಿದೆ. ಆರೇಳು ಸಲ ತುಳಿದರೆ ಪ್ಲಗ್ಗುಗಳು ತೊಯ್ದು ಶಾರ್ಟ್ ಆಗುತ್ತವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ದಿ ಬೈಕುಗಳಲ್ಲಿ ಇದೇ ಕೆಲಸಕ್ಕೆ ಕಾರ್ಬ್ಯುರೇಟರಿನ ತಲೆಯ ಮೇಲೊಂದು ಗುಂಡಿ ಇರುತ್ತಿತ್ತು. ಅದನ್ನು ಒತ್ತಿದರೆ ಒಳಗಿನ ಫ್ಲೋಟ್ ಮುಳುಗಿ ಪೆಟ್ರೋಲು ಉಕ್ಕುತ್ತಿತ್ತು. ಬೆರಳ ತುದಿ ಒದ್ದೆಯಾದ ಕೂಡಲೆ ಬಿಟ್ಟು ಕಿಕ್ ಹೊಡೆಯಬೇಕು. ಎಷ್ಟು ಸಾಕು ಎಂಬುದನ್ನು ಬೆರಳೇ ಹೇಳುತ್ತಿದ್ದ ಆ ವ್ಯವಸ್ಥೆ ಮೈಸೂರು ಸೀಮೆಯ ಎಷ್ಟೋ ಜನಕ್ಕೆ ಇವತ್ತಿಗೂ ಕೈಗತ.

ಪೆಟ್ರೋಲು ಓವರ್ ಆದಾಗ ಏನು ಮಾಡಬೇಕು ಎಂಬುದರಲ್ಲಿ ಮಾತ್ರ ಎಲ್ಲ ಪಂಥಗಳೂ ಒಂದಾಗುತ್ತವೆ. ಚೋಕ್ ಪೂರ್ತಿ ಒಳಗೆ ತಳ್ಳಿ, ಪೆಡಲನ್ನು ನೆಲದವರೆಗೆ ಒತ್ತಿ ಹಾಗೇ ಹಿಡಿದು, ಏಳೆಂಟು ಸೆಕೆಂಡು ಸೆಲ್ಫ್ ಹೊಡೆಯುವುದು. ಥ್ರಾಟಲ್ ಪೂರ್ತಿ ತೆರೆದಿರುವುದರಿಂದ ಧಾರಾಳ ಗಾಳಿ ಒಳನುಗ್ಗಿ ಹೆಚ್ಚಿನ ಪೆಟ್ರೋಲನ್ನು ಹೊತ್ತುಕೊಂಡು ಹೋಗುತ್ತದೆ. ನಡುವೆ ಪೆಡಲ್ ಬಿಟ್ಟು ಮತ್ತೆ ತುಳಿದರೆ ಪಂಪು ಇನ್ನಷ್ಟು ಸುರಿದು ಮಾಡಿದ್ದೆಲ್ಲ ಹಾಳು. ಅದಕ್ಕೂ ಬಗ್ಗದಿದ್ದರೆ ಪ್ಲಗ್ಗು ಬಿಚ್ಚಿ ಒಣಗಿಸಲೇಬೇಕು.

ಇಷ್ಟೆಲ್ಲ ಕಾರ್ಬ್ಯುರೇಟರಿನ ವಿಚಾರ. ಆದರೆ ನಮ್ಮ ನಾಡಿನಲ್ಲಿ ಚಳಿಯ ಸ್ಟಾರ್ಟ್ ಎಂದು ಜನ ದೂರುವ ತೊಂದರೆಗಳಲ್ಲಿ ಎಷ್ಟೋ ನಿಜವಾಗಿ ತೇವದ್ದು, ಹಳೆಯ ವೈರಿನದು, ಬ್ಯಾಟರಿಯದು ಎಂದು ನಾನು ಒತ್ತಿ ಹೇಳಬೇಕು. ಸಕಲೇಶಪುರ, ಆಗುಂಬೆ, ಮಡಿಕೇರಿಯ ಮಳೆಗಾಲದಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರಿನ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ತೇವ ಕಟ್ಟುತ್ತದೆ. ಪ್ಲಗ್ಗಿಗೆ ಹೋಗಬೇಕಾದ ಸಾವಿರಾರು ವೋಲ್ಟಿನ ವಿದ್ಯುತ್ತು ಆ ತೇವದ ಮೇಲೆ ಹರಿದು ಬೇರೆಡೆ ಹೋಗುತ್ತದೆ. ಎಷ್ಟು ಚೋಕ್ ಎಳೆದರೂ ಕಿಡಿಯಿಲ್ಲದೆ ಬೆಂಕಿಯಿಲ್ಲ, ಪೆಟ್ರೋಲು ಮಾತ್ರ ಸೇರುತ್ತಾ ಹೋಗಿ ಪ್ಲಗ್ಗು ತೋಯುತ್ತದೆ. ಮುಚ್ಚಳ ಬಿಚ್ಚಿ ಒಣ ಬಟ್ಟೆಯಲ್ಲಿ ಒಳಹೊರಗೆ ಒರೆಸಿ, ಒಳಮೈಯಲ್ಲಿ ಕೂದಲೆಳೆಯ ಬಿರುಕಿನಂಥ ಕಪ್ಪು ಗೆರೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ಮಲೆನಾಡಿನಲ್ಲಿ ಚೋಕ್ ಗುಂಡಿಗಿಂತ ಮೊದಲು ಕಲಿಯಬೇಕಾದ ವಿದ್ಯೆ. ಡಿಸ್ಟ್ರಿಬ್ಯೂಟರಿನ ಒಳಗಿನ ಪಾಯಿಂಟಿನ ಸಂದು ಸುಮಾರು 0.4 ಮಿಲಿಮೀಟರ್, ಪ್ಲಗ್ಗಿನದು ಹಳೆಯ ಕಾರುಗಳಲ್ಲಿ 0.6–0.7 ಇರಬೇಕು. ಸವೆದು ಅಗಲವಾದ ಪ್ಲಗ್ಗು ಕಾದ ಎಂಜಿನ್ನಿನಲ್ಲಿ ಹೇಗೋ ನಡೆದುಹೋಗುತ್ತದೆ. ಸೆಲ್ಫ್ ಮೋಟಾರು ಎಳೆಯುವಾಗ ಬ್ಯಾಟರಿಯ 12 ವೋಲ್ಟು ಒಂಬತ್ತು ಹತ್ತಕ್ಕೆ ಕುಸಿದಿರುತ್ತದೆ, ಆ ದುರ್ಬಲ ಹೊತ್ತಿನಲ್ಲಿ ಅದರಿಂದ ಆಗದು. 1950ರ ದಶಕದಿಂದ ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಪ್ಲಗ್ಗುಗಳು ದೇಶದ ಗ್ಯಾರೇಜುಗಳಲ್ಲೆಲ್ಲ ಓಡಾಡಿದವು. ಹೊಸ ಪ್ಲಗ್ಗು ಹಾಕಿದ ಮರುದಿನ ಚೋಕ್ ಅರ್ಧಕ್ಕೇ ಸಾಕಾಯಿತು ಎಂಬ ಮಾತನ್ನು ಕೇಳದ ಮೆಕ್ಯಾನಿಕ್ ಇರಲಾರರು.

ಎಣ್ಣೆಯ ಪಾತ್ರವನ್ನೂ ಮರೆಯುವಂತಿಲ್ಲ. ದಪ್ಪ ಎಣ್ಣೆ ತಣ್ಣಗಾದಾಗ ಕ್ರ್ಯಾಂಕು ಭಾರವಾಗಿ ತಿರುಗುತ್ತದೆ, ಸೆಳೆತ ಇನ್ನೂ ಇಳಿಯುತ್ತದೆ. ಲೆಡ್ ಆಸಿಡ್ ಬ್ಯಾಟರಿಯ ಶಕ್ತಿಯೂ ಚಳಿಗೆ ಕುಗ್ಗುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋದರೆ ಸುಮಾರು ಅರ್ಧಕ್ಕೆ ಬರುತ್ತದೆ. ಕೆನಡಾ, ಸ್ಕ್ಯಾಂಡಿನೇವಿಯಾದಲ್ಲಿ ಎಂಜಿನ್ನಿಗೆ ರಾತ್ರಿಯಿಡೀ ವಿದ್ಯುತ್ ಹೀಟರ್ ಹಚ್ಚಿಡುವುದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ಎಂಜಿನ್ ನಿಲ್ಲಿಸುವ ಮೊದಲು ಅದರ ಎಣ್ಣೆಗೆ ಪೆಟ್ರೋಲು ಬೆರೆಸಿ ತೆಳುಮಾಡುವುದು, ಎಲ್ಲ ಇದಕ್ಕಾಗಿ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ನಮಗೆ ಹೆಚ್ಚು ಪರಿಚಿತವಾದದ್ದು ನಿಂತ ಕಾರಿನ ತೊಂದರೆ. ಹಬ್ಬಕ್ಕೆ ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಕೂಡಿಡುವ ಫ್ಲೋಟ್ ಬಟ್ಟಲಿನ ಪೆಟ್ರೋಲು ಆರಿಹೋಗಿರುತ್ತದೆ, ಉಳಿದಿದ್ದರೂ ಹಗುರ ಅಂಶಗಳೆಲ್ಲ ಹಾರಿಹೋಗಿರುತ್ತವೆ. ಎಂಜಿನ್ನಿಂದ ನಡೆಯುವ ಪಂಪು ಎಂಜಿನ್ ತಿರುಗಿದರೆ ಮಾತ್ರ ಪೆಟ್ರೋಲು ಎತ್ತುತ್ತದೆ. ಹಾಗಾಗಿ ಮೊದಲ ಹತ್ತು ಹನ್ನೆರಡು ಸೆಕೆಂಡಿನ ಸೆಲ್ಫ್ ಬಟ್ಟಲು ತುಂಬುವುದಕ್ಕೇ ಖರ್ಚು. ಅಷ್ಟನ್ನೂ ಒಂದೇ ಉಸಿರಿಗೆ ಹೊಡೆಯದೆ ನಡುನಡುವೆ ಬ್ಯಾಟರಿಗೂ ಮೋಟಾರಿಗೂ ಬಿಡುವು ಕೊಡಬೇಕು. ಕೆಲವು ಪಂಪುಗಳಲ್ಲಿ ಕೈಯಿಂದ ಆಡಿಸುವ ಸಣ್ಣ ಸನ್ನೆ ಇರುತ್ತದೆ, ಅದನ್ನು ಆಡಿಸಿ ಬಟ್ಟಲು ತುಂಬಿಸಿದರೆ ಬ್ಯಾಟರಿ ಉಳಿಯುತ್ತದೆ. ಮಾರಿಸ್ ಮೈನರಿನಂಥ ಕಾರುಗಳಲ್ಲಿ ವಿದ್ಯುತ್ ಪಂಪು ಇತ್ತು. ಕೀ ಹಾಕಿದ ಕೂಡಲೆ ಟಿಕ್‌ಟಿಕ್ ಶುರು. ಬಟ್ಟಲು ತುಂಬಿದಾಗ ಸದ್ದು ನಿಧಾನವಾಗಿ ನಿಲ್ಲುತ್ತದೆ. ಆವರೆಗೆ ಕಾಯುವ ತಾಳ್ಮೆ ಇದ್ದವರಿಗೆ ಆ ಕಾರು ಅರ್ಧ ಸುತ್ತಿಗೆ ಹೊತ್ತಿಕೊಳ್ಳುತ್ತಿತ್ತು.

ಸ್ಟಾರ್ಟ್ ಆದ ಮೇಲೆ ಎಷ್ಟು ಹೊತ್ತು ನಿಲ್ಲಿಸಿ ಕಾಯಿಸಬೇಕು? ಹತ್ತು ನಿಮಿಷ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಇದನ್ನು ನಾನು ಒಪ್ಪಲಾರೆ. ಚೋಕ್ ಎಳೆದಿರುವಷ್ಟು ಹೊತ್ತೂ ಆವಿಯಾಗದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತ, ಕೆಳಗಿಳಿದು ಸಂಪಿನ ಎಣ್ಣೆಯನ್ನು ತೆಳುಮಾಡುತ್ತ ಇರುತ್ತದೆ. ಉರಿದು ಹುಟ್ಟಿದ ನೀರಾವಿ ತಣ್ಣಗಿನ ಗೋಡೆಯ ಮೇಲೆ ಹನಿಗಟ್ಟಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಸಿಲಿಂಡರ್ ಸವೆತದಲ್ಲಿ ದೊಡ್ಡ ಪಾಲು ಹೀಗೆ ತಣ್ಣಗಿರುವಾಗಿನ ತುಕ್ಕಿನದು ಎಂದು 1930ರ ದಶಕದಲ್ಲೇ ಬ್ರಿಟನ್ನಿನ ಆಟೊಮೊಬೈಲ್ ಎಂಜಿನಿಯರುಗಳ ಪ್ರಯೋಗಗಳು ತೋರಿಸಿದವು. ನಿಂತಲ್ಲೇ ಉರಿಯುವ ಎಂಜಿನ್ ಬಲು ನಿಧಾನವಾಗಿ ಕಾಯುತ್ತದೆ, ಹದವಾಗಿ ಓಡುವ ಎಂಜಿನ್ ಬೇಗ ಕಾಯುತ್ತದೆ. ಎಣ್ಣೆಯ ಒತ್ತಡದ ದೀಪ ಆರಿ, ಎಂಜಿನ್ ಮುಗ್ಗರಿಸದೆ ಉಸಿರಾಡತೊಡಗಿದ ಮೇಲೆ, ಅಂದರೆ ಅರ್ಧದಿಂದ ಒಂದು ನಿಮಿಷದಲ್ಲಿ, ಹೊರಟುಬಿಡಬೇಕು. ಗುಂಡಿಯನ್ನು ಒಮ್ಮೆಗೇ ತಳ್ಳದೆ ಎಂಜಿನ್ನಿನ ಸದ್ದು ಕೇಳುತ್ತ ಸ್ವಲ್ಪಸ್ವಲ್ಪವೇ ಒಳಗೆ ಬಿಡುತ್ತ, ಜೋರಾಗಿ ರೇಸ್ ಮಾಡದೆ ಮೊದಲ ಒಂದೆರಡು ಕಿಲೊಮೀಟರ್ ಹೋಗಬೇಕು. ಬಾಗಿಲು ಹಾಕಿದ ಶೆಡ್ಡಿನೊಳಗೆ ಚೋಕ್ ಎಳೆದು ಕಾಯಿಸುವುದು ಪ್ರಾಣಕ್ಕೇ ಅಪಾಯ: ಪೆಟ್ರೋಲು ಹೆಚ್ಚಿರುವ ಮಿಶ್ರಣ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡನ್ನು ಉಗುಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಕೊಡಗಿನ ಡಿಸೆಂಬರ್ ಮಂಜಿನಲ್ಲಿ ಹೊರಟವರಿಗೆ ಇನ್ನೊಂದು ಅನುಭವ ಆಗಬಹುದು. ಕಾರು ಚೆನ್ನಾಗಿ ಸ್ಟಾರ್ಟ್ ಆಗಿ, ಎರಡು ಮೂರು ಕಿಲೊಮೀಟರ್ ಹೋಗಿ, ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ, ಕಾರ್ಬ್ಯುರೇಟರಿನ ಒಳಗೆ ಉಷ್ಣತೆ ಇಪ್ಪತ್ತು ಡಿಗ್ರಿಯಷ್ಟು ಇಳಿಯಬಹುದು. ಹತ್ತು ಡಿಗ್ರಿಯ ಒದ್ದೆ ಗಾಳಿಯ ನೀರು ಥ್ರಾಟಲಿನ ಸುತ್ತ ಮಂಜುಗಡ್ಡೆಯಾಗುತ್ತದೆ. ನಿಂತ ಮೇಲೆ ಎಂಜಿನ್ನಿನ ಬಿಸಿಗೆ ಅದು ಕರಗಿ ಸಾಕ್ಷಿಯೂ ಉಳಿಯುವುದಿಲ್ಲ. ಹಳೆಯ ಕಾರುಗಳ ಏರ್ ಫಿಲ್ಟರಿನ ಮೂತಿಯನ್ನು ಚಳಿಗಾಲದಲ್ಲಿ ಸೈಲೆನ್ಸರ್ ಮ್ಯಾನಿಫೋಲ್ಡಿನ ಕಡೆಗೆ ತಿರುಗಿಸುವ ಏರ್ಪಾಟು ಇದ್ದದ್ದು ಇದಕ್ಕೇ. ನಮ್ಮಲ್ಲಿ ಬಹಳ ಜನ ಅದನ್ನು ಯಾಕಿದೆ ಎಂದು ಕೇಳದೆ ಒಂದೇ ಕಡೆ ಬಿಟ್ಟಿದ್ದಾರೆ.

ಕಾರ್ಬ್ಯುರೇಟರಿನ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲೆ ಇದೆಲ್ಲ ಕಣ್ಣಿಗೆ ಕಾಣದಂತಾಯಿತು. 2000ದ ಏಪ್ರಿಲ್‌ನಲ್ಲಿ ಹೊಗೆಯ ಮೇಲಿನ ಇಂಡಿಯಾ 2000 ಮಾನದಂಡ ಜಾರಿಗೆ ಬಂದು ಮಾರುತಿ 800 ಕೂಡ ಇಂಜೆಕ್ಷನ್ನಿಗೆ ತಿರುಗಿತು. ಬೈಕುಗಳಲ್ಲಿ ಕಾರ್ಬ್ಯುರೇಟರ್ 2020ರ ಏಪ್ರಿಲ್‌ನ ಬಿಎಸ್ 6ರವರೆಗೂ ಬದುಕಿತು. ಇಂಜೆಕ್ಷನ್ ಕಾರೂ ತಣ್ಣಗಿರುವಾಗ ಹೆಚ್ಚು ಪೆಟ್ರೋಲನ್ನೇ ಕೊಡುತ್ತದೆ. ನೀರಿನ ಬಿಸಿ ಅಳೆಯುವ ಸೆನ್ಸರ್ ಚೋಕ್ ಎಳೆಯುವ ಕೈಯ ಜಾಗಕ್ಕೆ ಬಂದಿದೆ, ಅಷ್ಟೆ.

ಈಗ ಹಳೆಯ ಕಾರು ಉಳಿಸಿಕೊಂಡಿರುವವರ ಮುಂದಿರುವ ಹೊಸ ಪ್ರಶ್ನೆ ಎಥನಾಲ್. ಇಪ್ಪತ್ತು ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ 78 ಡಿಗ್ರಿಗೆ ಕುದಿಯುವ ಒಂದೇ ವಸ್ತು, ಅದರಲ್ಲಿ ಹಗುರ ಅಂಶಗಳಿಲ್ಲ. ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಡುತ್ತದೆ. ಶುದ್ಧ ಎಥನಾಲ್ ತಣ್ಣಗಿನಲ್ಲಿ ಎಷ್ಟು ಮೊಂಡು ಎಂಬುದಕ್ಕೆ ಬ್ರೆಜಿಲ್ ಸಾಕ್ಷಿ. 1975ರಲ್ಲಿ ಅಲ್ಲಿ ಎಥನಾಲ್ ಯೋಜನೆ ಶುರುವಾಗಿ 1979ರಲ್ಲಿ ಫಿಯೆಟ್ 147 ಎಥನಾಲಿನಿಂದಲೇ ಓಡುವ ಕಾರಾಗಿ ಬಂದಾಗಿನಿಂದ, ಅಂಥ ಕಾರುಗಳ ಬಾನೆಟ್ ಕೆಳಗೆ ಚಳಿಯಲ್ಲಿ ಸ್ಟಾರ್ಟ್ ಮಾಡಲೆಂದೇ ಪೆಟ್ರೋಲಿನ ಒಂದು ಪುಟ್ಟ ಟ್ಯಾಂಕು ಇಡುತ್ತಿದ್ದರು. ನಮ್ಮದು ಇಪ್ಪತ್ತು ಪ್ರತಿಶತ ಮಾತ್ರ. ಪೆಟ್ರೋಲಿನೊಂದಿಗೆ ಬೆರೆತಾಗ ಎಥನಾಲ್ ಆವಿಯ ಒತ್ತಡವನ್ನು ಇಳಿಸುವ ಬದಲು ಸ್ವಲ್ಪ ಏರಿಸುತ್ತದೆ; ಆದ್ದರಿಂದ ನಮ್ಮ ಹವೆಯಲ್ಲಿ ಕಾರು ಹೊತ್ತಿಕೊಳ್ಳುವುದೇ ಇಲ್ಲ ಎಂಬ ಭಯ ಬೇಡ. ತೊಂದರೆ ಬರುವುದು ಬೇರೆ ದಾರಿಯಿಂದ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ. 14.7ರ ಲೆಕ್ಕಕ್ಕೆ ಕೊರೆದ ಜೆಟ್ಟಿನಿಂದ ಈ ಇಂಧನ ಬಂದರೆ ಮಿಶ್ರಣ ಏಳೆಂಟು ಪ್ರತಿಶತ ತೆಳುವಾಗುತ್ತದೆ. ತಣ್ಣಗಿರುವಾಗ ಅದು ಎದ್ದು ಕಾಣುತ್ತದೆ: ಮೊದಲು ಒಂದು ನಿಮಿಷಕ್ಕೆ ಒಳಗೆ ಹೋಗುತ್ತಿದ್ದ ಚೋಕ್ ಗುಂಡಿ ಈಗ ಮೂರು ನಿಮಿಷ ಹೊರಗಿರಬೇಕಾಗುತ್ತದೆ, ಪೆಡಲ್ ಒತ್ತಿದರೆ ಎಂಜಿನ್ ತಡವರಿಸುತ್ತದೆ. ಇದಕ್ಕೆ ಚೋಕ್ ಎಳೆದುಕೊಂಡೇ ಓಡಿಸುವುದು ಮದ್ದಲ್ಲ. ಒಂದು ಅಳತೆ ದೊಡ್ಡದಾದ ಜೆಟ್ಟು, ಎಸ್‌ಯು ಆಗಿದ್ದರೆ ಒಂದಿಷ್ಟು ಸಪೂರವಾದ ಸೂಜಿ ಅಥವಾ ಜೆಟ್ಟಿನ ತಿರುಪನ್ನು ಸ್ವಲ್ಪ ತಿರುಗಿಸಿ ಹೊಂದಿಸುವುದು, ಇವು ಸರಿಯಾದ ಮದ್ದು. ಪಂಪಿನ ಡಯಾಫ್ರಂ, ರಬ್ಬರ್ ಪೈಪು, ಫ್ಲೋಟಿನ ವಾಲ್ವು ಎಥನಾಲ್ ತಾಳುವ ಬಗೆಯದೇ ಎಂದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವಾಗ ಕೇಳಿಯೇ ಕೊಳ್ಳಬೇಕು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ತಿಂಗಳಾನುಗಟ್ಟಲೆ ನಿಲ್ಲುವ ಕಾರಿನ ಫ್ಲೋಟ್ ಬಟ್ಟಲನ್ನು ನಿಲ್ಲಿಸುವ ಮೊದಲೇ ಖಾಲಿ ಮಾಡಿಡುವುದು ಒಳ್ಳೆಯದು. ಮತ್ತೆ ಹೊರತೆಗೆಯುವ ದಿನ ಹೊಸ ಪೆಟ್ರೋಲು ಹಾಕಿ, ಪಂಪಿನ ಸನ್ನೆ ಆಡಿಸಿ ಬಟ್ಟಲು ತುಂಬಿಸಿದ ಮೇಲೆಯೇ ಚೋಕ್ ಗುಂಡಿಗೆ ಕೈ ಹಾಕಿದರಾಯಿತು.